ಮರ್ವಿನ್ ಕೊಟ್ಟ ನೀಲಿ ಹೊಗೆಯ ತೀರ್ಪು

ಗೊತ್ತಿದ್ದೂ ಬಾಯಿ ಬಿಡದೆ ಇರುವುದು ಸಂಕೋಚವೋ, ಬರೀ ಹೇಡಿತನವೋ? ಟ್ಯಾಮ್ಸಿನ್ ಈ ಪ್ರಶ್ನೆಯನ್ನು ಡೈರಿಯಲ್ಲಿ ಮೂರು ಸಲ ಬರೆದಿದ್ದಳು. ಉತ್ತರ ಬರೆಯುವ ಧೈರ್ಯ ಒಮ್ಮೆಯೂ ಆಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಅಜ್ಜಿ ಬಿಟ್ಟುಹೋದ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಈ ಗೋಧಿ ಸೀಮೆಗೆ ಬಸ್ಸು ವಾರಕ್ಕೆರಡೇ ಸಲ. ಕಾರು ಹೋದರೆ ಎಪ್ಪತ್ತು ಕಿಲೋಮೀಟರ್ ದೂರದ ಗ್ರಂಥಾಲಯದಲ್ಲಿನ ಟ್ಯಾಮ್ಸಿನ್‌ಳ ಕೆಲಸವೂ ಹೋದಂತೆ.

ಪಕ್ಕದ ಜಮೀನಿನ ಮರ್ವಿನ್ ಬಿಯರ್ ಹಿಡಿದು ತಪಾಸಣೆಗೆ ಬಂದಿದ್ದ. ಅವನ ಹೊಲದಲ್ಲಿ ಹನ್ನೊಂದು ಕಾರುಗಳು ಕೋಳಿಗೂಡಾಗಿ ನಿಂತಿದ್ದವು. ಹನ್ನೊಂದಕ್ಕೂ ಅವನೇ ವೈದ್ಯ.

"ಎಂಜಿನ್ ತಾನಾಗೇ ಮಾತಾಡ್ಬೇಕು ಕಣೋ ಲಿಂಡ್ಸೆ. ಅವಸರ ಮಾಡ್ಬಾರ್ದು," ಎಂದು ಟ್ಯಾಮ್ಸಿನ್‌ಳ ಅಪ್ಪನಿಗೆ ಪಾಠ ಹೇಳಿ, ಕಾರನ್ನು ನಿಂತಲ್ಲೇ ಗುರುಗುಟ್ಟಲು ಬಿಟ್ಟು ಹಿತ್ತಲ ಒಲೆಯ ಮೇಲಿನ ಸಾಸೇಜ್ ಮಗುಚಲು ಹೋದ. ಈ ಊರಿನ ಗಂಡಸರ ಶಾಸ್ತ್ರವೇ ಹಾಗೆ: ಒಲೆಯ ಮೇಲಿನದು ಬೇಯುವ ತನಕ ಎಂಜಿನ್ನೂ ಓಡಬೇಕು. ಎರಡನೆಯ ತಟ್ಟೆ ಖಾಲಿಯಾದ ಮೇಲೆ ಬಂದು ಆಕ್ಸಿಲರೇಟರ್ ತುಳಿದ. ಹಿಂದಿನಿಂದ ಬುಸ್ಸೆಂದು ನೀಲಿ ಹೊಗೆ ಎದ್ದಿತು. ಮರ್ವಿನ್ ಕಣ್ಣು ಮುಚ್ಚಿ, ದ್ರಾಕ್ಷಾರಸದ ಪಂಡಿತನಂತೆ ಅದನ್ನು ಮೂಸಿದ.

"ಆಯಿಲ್ ಉರೀತಿದೆ. ಪಿಸ್ಟನ್ ರಿಂಗ್ ಹೋಗಿದೆ. ಮುಗೀತು ಕಥೆ!"

"ಏನೂ ಮಾಡೋಕಾಗಲ್ವಾ?" ಅಪ್ಪ ಕೇಳಿದ.

"ಗೋರಿ ಮೇಲೆ ಹೂ ಇಡಬಹುದು," ಎಂದು ನಕ್ಕ. "ನನ್ನ ಹೊಲಕ್ಕೆ ಎಳ್ಕೊಂಡ್ ಹೋಗ್ತೀನಿ ಬಿಡು."

ಈ ಮಹಾನುಭಾವ ಆ ಕಾರನ್ನು ಒಂದು ಮೈಲಿಯೂ ಓಡಿಸಿದವನಲ್ಲ. ದಿನಾ ಬೆಳಿಗ್ಗೆ ಆರಕ್ಕೆ ತಣ್ಣಗಿನ ಎಂಜಿನ್ ಎಬ್ಬಿಸುವವಳು ಟ್ಯಾಮ್ಸಿನ್. ಎಬ್ಬಿಸಿದೊಡನೆ ಒಂದು ಉಸಿರಿನಷ್ಟು ನೀಲಿ, ಆಮೇಲೆ ಸ್ವಚ್ಛ. ರೈಲುಹಳಿ ದಾಟುವ ಏರಿನಲ್ಲಿ ಒತ್ತಿ ಹತ್ತಿಸುವಾಗ ಅವಳು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದಳು. ಎಳೆಯಷ್ಟೂ ಹೊಗೆ ಇಲ್ಲ. ರಿಂಗ್ ಸವೆದಿದ್ದರೆ ಏರಿನಲ್ಲೇ ಮೋಡ ಕವಿಯಬೇಕಿತ್ತು.

"ಮರ್ವಿನ್‌ಗೆ ನಲವತ್ತು ವರ್ಷದ ಅನುಭವ ಕಣಮ್ಮಾ," ಎಂದ ಅಪ್ಪ, ಅವಳ ಮುಖ ನೋಡದೆ. ಕೆಸರಲ್ಲಿ ಹೂತ ಟ್ರ್ಯಾಕ್ಟರನ್ನು ಒಮ್ಮೆ ಎಳೆದುಕೊಟ್ಟವನಿಗೆ ಎದುರಾಡುವುದು ಅಪ್ಪನಿಂದ ಆಗದ ಕೆಲಸ. ನಲವತ್ತು ವರ್ಷ ಒಂದೇ ತಪ್ಪು ಮಾಡಿದರೂ ಅನುಭವವೇ, ಎಂದುಕೊಂಡಳು. ಎಂದುಕೊಂಡಳು, ಅಷ್ಟೆ.

ಮರ್ವಿನ್ ಬಗ್ಗಿ ಕಾರಿನ ಮುಂದೆ ಸರಪಳಿ ಸಿಕ್ಕಿಸತೊಡಗಿದ. "ಅಳ್ಬೇಡ ಪುಟ್ಟಿ, ಸೈಕಲ್ ಹೊಡೆದ್ರೆ ಮೈಗೆ ಒಳ್ಳೇದು."

ಟ್ಯಾಮ್ಸಿನ್ ಅಳುತ್ತಿರಲಿಲ್ಲ. ಹೋಗಿ ಸರಪಳಿಯ ಮೇಲೆ ಕಾಲಿಟ್ಟಳು.

"ರಿಂಗ್ ಸರಿಯಾಗಿದೆ, ಮರ್ವಿನ್. ಹೋಗಿರೋದು ವಾಲ್ವ್ ಮೇಲಿನ ಉಗುರಿನಷ್ಟು ರಬ್ಬರ್ ಸೀಲು, ಅದನ್ನ ಬದಲಿಸಿದ್ರೆ ಸಾಕು. ನೀವು ಸಾಸೇಜ್ ತಿಂದು ಮುಗಿಸೋವರೆಗೂ ನಿಂತಲ್ಲೇ ಓಡಿಸಿದ್ರಲ್ಲ, ಸೀಲಿನ ಸಂದಿಯಿಂದ ಆಯಿಲ್ ಒಳಗೆ ಇಳಿದಿದ್ದೇ ಅದಕ್ಕೆ."