ಸಿಪ್ಪೆ ಬುಟ್ಟಿ ಮತ್ತು ಅತ್ತೆಯ ಭಯ

ಬೇಸಿಗೆ ಬಂತೆಂದರೆ ಹಸು ಕಟ್ಟಿದವರ ಮನೆಯಲ್ಲಿ ಒಂದೇ ಚಿಂತೆ, ಮೇವಿನದು. ಈ ಮನೆಯಲ್ಲೂ ಅಷ್ಟೆ. ಕೆರೆ ಏರಿಯ ಹುಲ್ಲು ಒಣಗಿಹೋಗಿತ್ತು, ಬಣವೆ ಅರ್ಧಕ್ಕಿಳಿದಿತ್ತು, ಹಸುವಿನ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಮಾರಿಬಿಡೋಣ ಎಂದು ಮಗ ಪಟ್ಟು ಹಿಡಿದಿದ್ದ. ಅತ್ತೆಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ.

ಸೊಸೆ ಬಸ್ ನಿಲ್ದಾಣದ ಜ್ಯೂಸ್ ಅಂಗಡಿಯಲ್ಲಿ ಹಣ್ಣು ಹೆಚ್ಚುವ ಕೆಲಸಕ್ಕಿದ್ದಳು. ಅನಾನಸ್, ಮಾವು, ಕಲ್ಲಂಗಡಿಯ ಸಿಪ್ಪೆಯೆಲ್ಲ ದಿನವೂ ಮೋರಿ ಸೇರುವುದನ್ನು ನೋಡಿ ನೋಡಿ, ಒಂದು ಸಂಜೆ ಬುಟ್ಟಿ ತುಂಬ ಮನೆಗೆ ತಂದಳು. ಅತ್ತೆ ಬುಟ್ಟಿ ಕಿತ್ತುಕೊಂಡು ತಿಪ್ಪೆಗೆ ಸುರಿದು ಬಂದಳು. ಸೊಸೆಯ ಮುಖ ಬಾಡಿದ್ದು ಕಂಡು ಅವಳಿಗೇ ಕಸಿವಿಸಿಯಾಯಿತು.

"ನಿನ್ನ ಮೇಲೆ ಸಿಟ್ಟಿಲ್ಲ ಕಣಮ್ಮ," ಎಂದಳು. "ಮೊದಲಿದ್ದ ಹಸು ಬೀದಿಯಲ್ಲಿ ಸಿಪ್ಪೆ ತಿಂದೇ ಸತ್ತಿದ್ದು. ನನ್ನ ತೊಡೆ ಮೇಲೆ ತಲೆಯಿಟ್ಟು ಪ್ರಾಣ ಬಿಡ್ತು."

ಸೊಸೆ ವಾದ ಮಾಡಲಿಲ್ಲ. ಮರುದಿನ ಪಕ್ಕದ ಮನೆಯ ಮೇಕೆ ನೋಡಲು ಬಂದ ಪಶುವೈದ್ಯೆಯನ್ನು ಕೊಟ್ಟಿಗೆಗೆ ಕರೆತಂದಳು. ಡಾಕ್ಟರಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿದರು.

"ಸತ್ತ ಮೇಲೆ ಹೊಟ್ಟೆ ಕೊಯ್ದು ನೋಡಿದ್ರಾ ಅಮ್ಮಾ?"

"ನೋಡಿದ್ರು. ಇಷ್ಟು ದೊಡ್ಡ ಪ್ಲಾಸ್ಟಿಕ್ ಮುದ್ದೆ ಇತ್ತು."

"ಹಾಗಾದ್ರೆ ಅದನ್ನ ಕೊಂದಿದ್ದು ಸಿಪ್ಪೆ ಅಲ್ಲ. ಸಿಪ್ಪೆ ಕಟ್ಟಿ ಎಸೆದಿದ್ದ ಚೀಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಹೇಗೆ ಹಾಕಬೇಕು ಎಂದು ಕೇಳಿದ್ದು ಅವಳೇ.

ಅವತ್ತಿನ ತಾಜಾ ಸಿಪ್ಪೆಯೇ ಆಗಬೇಕು, ಬೂಷ್ಟು ಹಿಡಿದದ್ದು, ಕೊಳೆತದ್ದು ಬೇಡವೇ ಬೇಡ ಎಂದರು ಡಾಕ್ಟರಮ್ಮ. ಮಾವಿನ ಓಟೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ತೆಗೆದುಬಿಡಿ. ಚೆನ್ನಾಗಿ ತೊಳೆದು, ಸಣ್ಣಗೆ ಹೆಚ್ಚಿ, ಒಣಹುಲ್ಲಿನ ಜೊತೆ ಬೆರೆಸಿ. ಹೆಚ್ಚಾದದ್ದನ್ನು ಬಿಸಿಲಿಗೆ ಹರವಿ ಗರಿಗರಿಯಾಗಿ ಒಣಗಿಸಿಟ್ಟುಕೊಳ್ಳಿ.

"ಮೊದಲು ಒಂದು ಹಿಡಿ ಸಾಕು. ಆಮೇಲೆ ನಿಧಾನಕ್ಕೆ ಹೆಚ್ಚಿಸಿ. ಬರೀ ಸಿಪ್ಪೆನೇ ಹೊಟ್ಟೆ ತುಂಬ ಹಾಕಿದ್ರೆ ಹೊಟ್ಟೆ ಕೆಡುತ್ತೆ. ಮೆಲುಕು ಹಾಕೋದು ನಿಲ್ಲಿಸಿದ್ರೆ, ಭೇದಿ ಆದ್ರೆ ಸಿಪ್ಪೆ ನಿಲ್ಲಿಸಿ ನನಗೆ ಹೇಳಿಕಳಿಸಿ."

ಅತ್ತೆ ಕೈಯಾರೆ ಒಂದು ಹಿಡಿ ಕೊಟ್ಟಳು. ಹಸು ಮೂಸಿ ಮೂತಿ ತಿರುಗಿಸಿತು.

"ಇದೂ ನಿಮ್ಮ ಹಾಗೇ, ಅತ್ತೆ," ಎಂದಳು ಸೊಸೆ. ಅತ್ತೆಗೆ ನಗು ತಡೆಯಲಾಗಲಿಲ್ಲ.

ಹುಲ್ಲಿನಲ್ಲಿ ಬೆರೆಸಿ ಕೊಟ್ಟಾಗ ಮಾತ್ರ ಹಸು ಗೋದಲಿ ನೆಕ್ಕಿ ಖಾಲಿ ಮಾಡಿತು. ಅದು ಮೆಲುಕು ಹಾಕುವವರೆಗೂ ಅತ್ತೆ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಹಸು ಮೈಕೈ ತುಂಬಿಕೊಂಡಿತ್ತು, ಹಾಲೂ ಹೆಚ್ಚಿತ್ತು. ಮಗ ಮಾರುವ ಮಾತೆತ್ತಲಿಲ್ಲ. ಸಿಪ್ಪೆ ಹೆಚ್ಚಲು ತಾನೇ ಕತ್ತಿ ಹಿಡಿದು ಕೂರುತ್ತಿದ್ದ. ಅತ್ತೆಯಂತೂ ಅಂಗಡಿಗೇ ಹೋಗಿ, ಸಿಪ್ಪೆ ಬುಟ್ಟಿಗೆ ಪ್ಲಾಸ್ಟಿಕ್ ಲೋಟ, ಜ್ಯೂಸ್ ಹೀರುವ ಕೊಳವೆ ಎಸೆಯುವವರನ್ನು ತಡೆದು ನಿಲ್ಲಿಸಿ ಬುದ್ಧಿ ಹೇಳತೊಡಗಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇವತ್ತು ಹಣ್ಣು ಹೆಚ್ಚುತ್ತೀರಿ. ಸಿಪ್ಪೆಯನ್ನು ಮೋರಿಗೆ ಎಸೆಯಬೇಡಿ, ಚೀಲದಲ್ಲಿ ಕಟ್ಟಿ ಬೀದಿಗಂತೂ ಇಡಲೇಬೇಡಿ. ಬೇರೆ ಬುಟ್ಟಿಯಲ್ಲಿಟ್ಟು ದನ ಸಾಕಿದವರ ಕೈಗೆ ಕೊಡಿ. ಹಸಿದ ಹಸುವಿಗೆ ಚೀಲ ಯಾವುದು, ಮೇವು ಯಾವುದು ಗೊತ್ತಾಗುವುದಿಲ್ಲ. ನಮಗೆ ಗೊತ್ತಲ್ಲವೇ?