ಎಡಗೈ ಕೋವಿ ಮತ್ತು ಮೂರನೆಯ ಚುಂಗು

ಹೊಡೆಯಲು ಬಾರದವಳು ಕೋವಿ ಡೊಂಕು ಅಂದಳಂತೆ. ಗಾದೆ ಹೀಗಿಲ್ಲ, ಕುಣಿಯುವವಳನ್ನೂ ನೆಲವನ್ನೂ ಎಬ್ಬಿಸಿ ಆ ಜಾಗದಲ್ಲಿ ಬೇರೆಯವರನ್ನು ಕೂರಿಸಲಾಗಿದೆ ಎಂದು ಯಾರೂ ಬೆರಳು ತೋರಿಸಬೇಕಾಗಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರಲ್ಲ, ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಲ್ಲ. ಹರ್ಯು ಮನೆತನದ ಬೇಟೆ ಬಿಡಾರದ ಗೋಡೆಗೆ ಸಾಕ್ಷಿಯನ್ನೇ ಮೊಳೆ ಹೊಡೆದು ನೇತುಹಾಕಿದ್ದಾರೆ. ಅನುಮಾನವಿದ್ದವರು ಹೋಗಿ ಮುಟ್ಟಿ ನೋಡಬಹುದು.

ಆ ಗೋಡೆಯ ಮೇಲಿರುವುದು ಅಂಗಿಯ ಚುಂಗುಗಳು. ಜಿಂಕೆಗೆ ಗುಂಡು ಹಾರಿಸಿ ಬರಿಗೈಲಿ ಬಂದವರ ಅಂಗಿಯ ಹಿಂಚುಂಗನ್ನು ಅಂದೇ ಕತ್ತರಿಸಿ, ಹೆಸರು ಬರೆದು ಗೋಡೆಗೆ ಬಡಿಯುವುದು ಮಿಷಿಗನ್ನಿನ ಉತ್ತರದ ಕಾಡುಗಳಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಹರ್ಯುಗಳು ಆ ಪದ್ಧತಿಗೆ ತಮ್ಮದೊಂದು ಬಾಲ ಅಂಟಿಸಿದ್ದರು: ಸಾಲಾಗಿ ಮೂರು ವರ್ಷ ಚುಂಗು ಕಳೆದುಕೊಂಡವರು ಬೇಟೆಗೆ ಕೂರುವ ತಮ್ಮ ಅಟ್ಟಣೆಯನ್ನು ಮನೆತನದ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಲೆಂಪಿ ಹರ್ಯುವಿನ ಚುಂಗುಗಳು ಆಗಲೇ ಎರಡಾಗಿದ್ದವು, ಒಂದು ಕೆಂಪು ಚೌಕಳಿ, ಒಂದು ನೀಲಿ. ಮೂರನೆಯದೂ ಬಿದ್ದರೆ, ಜೌಗಿನ ಅಂಚಿನಲ್ಲಿ ಅವಳಪ್ಪ ಕೈಯಾರೆ ಕಟ್ಟಿದ, ಏಣಿಯ ಮೆಟ್ಟಿಲುಗಳನ್ನು ಮಗಳ ಗಿಡ್ಡ ಕಾಲಿಗೆ ಅಳೆದು ಬಡಿದ ಅಟ್ಟಣೆ ಅವಳ ದೊಡ್ಡಪ್ಪನ ಮಗ ರೂಡಿಯ ಪಾಲಾಗುತ್ತಿತ್ತು. ಅಪ್ಪ ಈಗ ಇರಲಿಲ್ಲ. ಇದ್ದದ್ದು ಆ ಅಟ್ಟಣೆ.

ತಪ್ಪು ಲೆಂಪಿಯ ಕಣ್ಣಿನದಾಗಿರಲಿಲ್ಲ. ಅವಳು ಎಡಗೈಯವಳು, ಅಪ್ಪ ಬಿಟ್ಟುಹೋದ ಕೋವಿ ಬಲಗೈಯವರದು. ಒಂದು ಗುಂಡು ಹಾರಿದ ಮೇಲೆ ಬೋಲ್ಟಿನ ಹಿಡಿ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿದರೆ ತಾನೇ ಮುಂದಿನ ತೋಟಾ ಒಳಗೆ ಹೋಗುವುದು? ಆ ಹಿಡಿ ಇದ್ದದ್ದು ಬಲಗಡೆ. ಎಡ ಹೆಗಲಿಗೆ ಕೋವಿ ಆನಿಸುವ ಲೆಂಪಿ ಟ್ರಿಗರಿನಿಂದ ಕೈ ಬಿಡಿಸಿ, ಮೂಗಿನ ಮುಂದಿನಿಂದ ಆಚೆ ದಾಟಿಸಿ, ಹಿಡಿ ಹುಡುಕಿ, ಎಳೆದು, ನೂಕಿ ಮರಳಿ ಬರುವಷ್ಟರಲ್ಲಿ ಜಿಂಕೆ ಕೆನಡಾ ತಲುಪಿರುತ್ತಿತ್ತು.

ರೂಡಿಗೆ ಇದೇ ಹಬ್ಬ. ಹೆಸರು ರೂಡಿ, ಕೀಟಲೆ ರೂಢಿ. ಪಾದ್ರಿಯ ಕೆಮ್ಮು, ಕೆಟ್ಟ ಲಾರಿಯ ಗೊರಗೊರ, ಸರೋವರದ ಹಕ್ಕಿಯ ಕೂಗು, ಯಾವುದನ್ನಾದರೂ ಗಂಟಲಿಗೆ ಕರೆತರಬಲ್ಲ ಗಂಡು. ಬಿಡಾರದ ಊಟದಲ್ಲಿ ಸಾರಿನ ಸೌಟನ್ನು ಎಡ ಹೆಗಲಿಗಿಟ್ಟು, ಒಂದು ಗುಂಡು ಹಾರಿಸಿ, ಆಮೇಲೆ ಕೈಯನ್ನು ಕೊರಳಿಗೆ ಸುತ್ತಿಕೊಂಡು ಒದ್ದಾಡುವ ಲೆಂಪಿಯನ್ನು ಅವನು ಆಡಿ ತೋರಿಸಿದರೆ ಚಿಕ್ಕಪ್ಪ ಒನ್ನಿಯೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಬಿಡಾರದ ಯಜಮಾನ ಅವನು, ಸುಲಭಕ್ಕೆ ನಗುವವನಲ್ಲ.

ಈ ಸಲ ಲೆಂಪಿ ನಿರ್ಧರಿಸಿದಳು. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ಕೂಡಿಟ್ಟ ಮುನ್ನೂರೈವತ್ತು ಡಾಲರ್ ಜೇಬಿಗಿಳಿಸಿ, ಬೇಟೆಯ ಕಾಲ ಶುರುವಾಗಲು ಎರಡು ವಾರವಿದೆ ಎನ್ನುವಾಗ ಬೋದ್ರಿಯ ಅಂಗಡಿ ಹೊಕ್ಕಳು. ಮೊಳೆ, ಬಣ್ಣ, ಮೀನಿನ ಗಾಳ, ಕೋವಿ ಎಲ್ಲ ಒಂದೇ ಸೂರಿನಡಿ ಮಾರುವ ಅಂಗಡಿ.

"ಎಡಗೈದು ಬೇಕಿತ್ತು."

"ಎಡಗೈದಾ?" ಬೋದ್ರಿ ಕನ್ನಡಕ ಮೇಲೆತ್ತಿದ. "ಬಲಗೈದಾದ್ರೆ ಗೋಡೆ ತುಂಬ ಇದೆ ನೋಡಮ್ಮ."

"ನನ್ನ ಅಂಗಿ ಚುಂಗೂ ಗೋಡೇಲೇ ಇದೆ. ಅದಕ್ಕೇ ಬಂದಿರೋದು."

ಮೂಲೆಯಲ್ಲಿ ಮೂರಿದ್ದವು. ಮೊದಲನೆಯದು ಅಕ್ರೋಟಿನ ಮರದ್ದು. ಕೆನ್ನೆಗೆ ಆನಿಸಿದರೆ ತಾಯ ಮಡಿಲು, ಚೀಟಿ ನೋಡಿದರೆ ಮಲತಾಯಿ. ಅವಳ ಹಣದ ಇಮ್ಮಡಿ. ಎರಡನೆಯದು ಯಾರೋ ಬಳಸಿ ಬಿಟ್ಟದ್ದು, ಬೆಲೆ ಎಲ್ಲಕ್ಕಿಂತ ಕಡಿಮೆ. ನಳಿಗೆಯೊಳಗೆ ಟಾರ್ಚು ಬಿಟ್ಟು ಇಣುಕಿದಳು. ಒಳಗೆಲ್ಲ ಸಿಡುಬಿನ ಕಲೆ.

"ಯಾಕಿಷ್ಟು ಅಗ್ಗ?"

"ಕರಡಿ ಹೊಡೆಯೋ ತೋಟಾ ಅದಕ್ಕೆ. ಒಂದೊಂದೂ ಒಂದು ಊಟದ ರೇಟು. ಒದೆಯೋದು ಹೇಗೆ ಅಂತ ಹಳೇ ಯಜಮಾನ್ರ ಹೆಗಲನ್ನ ಕೇಳ್ಬೇಕು."

ಲೆಂಪಿ ಕೆಳಗಿಟ್ಟಳು. ಕೋವಿ ಅಗ್ಗವಾಗಿ ತೋಟಾ ದುಬಾರಿಯಾದರೆ ಅಭ್ಯಾಸವೇ ಆಗುವುದಿಲ್ಲ. ಅಭ್ಯಾಸವಿಲ್ಲದ ಕೋವಿಗಿಂತ ಸೌಟು ವಾಸಿ.

ಮೂರನೆಯದಕ್ಕೆ ಮರವೇ ಇಲ್ಲ, ಕರೀ ಪ್ಲಾಸ್ಟಿಕ್ಕು. ನೀರಿನ ಪೈಪಿಗೆ ಹಿಡಿ ಜಡಿದಂತಿತ್ತು. ಬೋಲ್ಟು ಎಳೆದರೆ ಮರಳಿನಲ್ಲಿ ಡಬ್ಬ ಎಳೆದ ಸದ್ದು. ಆದರೆ ಅವಳು ಕಣ್ಣು ಮುಚ್ಚಿ ಅದನ್ನು ಹೆಗಲಿಗೆತ್ತಿ, ಕಣ್ಣು ತೆರೆದಾಗ ನೋಟ ನೇರವಾಗಿ ನಳಿಗೆಯ ಮೇಲೇ ಇತ್ತು. ಟ್ರಿಗರು ಒಣಗಿದ ಕಡ್ಡಿ ಮುರಿದಷ್ಟು ಸ್ವಚ್ಛ. ಕೆನ್ನೆ ಕದಲಿಸದೆ ಕೈ ಬಿಟ್ಟರೆ ಬೋಲ್ಟಿನ ಹಿಡಿ ತಾನಾಗಿ ಅಂಗೈಗೆ ಬಂದು ಕೂತಿತು. ಇಷ್ಟು ವರ್ಷ ಎದುರುಮನೆಯಲ್ಲಿದ್ದ ನೆಂಟ ಕೊನೆಗೂ ತನ್ನ ಮನೆಗೇ ಬಂದ ಹಾಗೆ. ಬೆಲೆಯೂ ಹಣದೊಳಗೆ ಕೂರುತ್ತಿತ್ತು, ಗುರಿ ಹಿಡಿಯುವ ದುರ್ಬೀನೊಂದು ಬಿಟ್ಟು. ಅದನ್ನು ಅಪ್ಪನ ಕೋವಿಯಿಂದ ಬಿಚ್ಚಿ ಹಾಕಿಕೊಂಡರಾಯಿತು.

"ಒಂದು ಮಾತು ಹೇಳ್ಲಾ," ಬೋದ್ರಿ ದನಿ ಇಳಿಸಿದ. "ನಿಮ್ಮಪ್ಪನ ಕೋವಿ ತಂದ್ಕೊಡು. ಆ ಮರದ್ದೇ ಕೊಡ್ತೀನಿ, ನಿನ್ನ ದುಡ್ಡಿನ ಮೇಲೆ ಒಂದು ಡಾಲರೂ ಬೇಡ."

ಲೆಂಪಿಯ ಕೈ ಮರದ ಕೋವಿಯತ್ತ ಹೋಯಿತು, ನಿಂತಿತು. ಅಷ್ಟರಲ್ಲಿ ಗೋಡೆಯ ಫೋನು ಬಡಿದುಕೊಂಡಿತು. ಬೋದ್ರಿ ಎತ್ತಿ, ಕೇಳಿ, ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. "ಪೇಟೆಯಿಂದ ಯಾರೋ ಹಲ್ಲಿನ ಡಾಕ್ಟ್ರು. ಎಡಗೈ ಕರೀದು ಇದ್ರೆ ಎತ್ತಿಡಿ, ಈಗ್ಲೇ ಬರ್ತೀನಿ ಅಂತಿದಾರೆ. ಏನನ್ಲಿ?"

"ಮಾರಿಹೋಯ್ತು ಅನ್ನಿ," ಅಂದಳು ಲೆಂಪಿ. ಜೇಬಿನಿಂದ ಹಣ ತೆಗೆದು ಕರೀ ಕೋವಿಯ ಪಕ್ಕ ಎಣಿಸಿಟ್ಟಳು.

ಮಾರನೆಯ ದಿನ ಜಲ್ಲಿ ತೆಗೆವ ಹೊಂಡದಲ್ಲಿ ಒನ್ನಿ ಚಿಕ್ಕಪ್ಪ ಎಲ್ಲರ ಕೋವಿಗಳ ಗುರಿ ಸರಿಮಾಡಿಸಿದ. ರೂಡಿಯದೂ ಅದೇ ಕಂಪನಿಯ, ಅದೇ ತೋಟಾದ ಕರೀ ಕೋವಿ, ಬಲಗೈಯದು. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಮಲಗಿಸಿ ಚಿಕ್ಕಪ್ಪ ಹೇಳಿದ, "ಒಂದು ಕನ್ನಡಿ ನೋಡ್ಕೊಂಡ ಹಾಗಿದೆ ಕಣ್ರೋ. ಹಿಡಿ ಒಂದು ಆ ಕಡೆ, ಒಂದು ಈ ಕಡೆ."

ರೂಡಿ ಎರಡನ್ನೂ ನೋಡಿದ. ಏನೂ ಅನ್ನಲಿಲ್ಲ. ರೂಡಿ ಸುಮ್ಮನಿದ್ದರೆ ಹುಷಾರಾಗಿರಬೇಕು ಎನ್ನುವುದು ಊರಿಗೆಲ್ಲ ಗೊತ್ತು. ಲೆಂಪಿ ಅಂದು ಮರೆತಳು.

ಅಡುಗೆಮನೆಯಲ್ಲಿ ಖಾಲಿ ಕೋವಿ ಹಿಡಿದು ದಿನವೂ ಕೈಗೆ ಹೊಸ ಪಾಠ ಹೇಳಿದಳು. ಎಡಕ್ಕೆ, ಎತ್ತು, ಎಳೆ, ನೂಕು. ದಾಟಿ ಹೋಗುವ ಹಳೆಯ ಚಾಳಿ ಮೆಲ್ಲಗೆ ಸತ್ತಿತು ಎಂದುಕೊಂಡಳು.

ಬೇಟೆಯ ಹಿಂದಿನ ಸಂಜೆ ಬಿಡಾರದಲ್ಲಿ ಸೌನಾದ ಬಿಸಿ ಹಬೆಯ ಕೋಣೆಯಿಂದ ಕೆಂಪಗೆ ಬೆಂದು ಬಂದ ಎಲ್ಲರೂ ಊಟಕ್ಕೆ ಕೂತಾಗ, ರೂಡಿ ಮೂಗು ಹಿಡಿದು ಮಾತಾಡಿದ. "ಹಲೋ, ನಾನು ಪೇಟೆಯ ದಂತವೈದ್ಯ. ಎಡಗೈಯ ಕಪ್ಪು ಕೋವಿಯೊಂದನ್ನು ದಯವಿಟ್ಟು ಎತ್ತಿಡುವಿರಾ?"

ಊಟದ ಮೇಜು ನಗುವಿನಲ್ಲಿ ಅಲ್ಲಾಡಿತು. "ನಿನ್ನ ಗಾಡಿ ಅಂಗಡಿ ಮುಂದೆ ನೋಡ್ದೆ ತಂಗಿ. ಮೂಲೇಲಿ ಎಡಗೈ ಕರೀದಿರೋದು ಗೊತ್ತಿತ್ತು, ಎದುರು ಪೆಟ್ರೋಲ್ ಬಂಕಲ್ಲಿ ಫೋನಿತ್ತು. ಬಿಡೋಕೆ ಮನಸ್ಸು ಬರ್ಲಿಲ್ಲ."

ಲೆಂಪಿ ನಗಲಿಲ್ಲ. ಹಾಗಾದರೆ ಕೋವಿಯನ್ನು ಆರಿಸಿದ್ದು ತಾನೋ, ಇವನ ಗಂಟಲೋ? ಆ ಮರಳಿನ ಸದ್ದಿನ ಬೋಲ್ಟು ಕಿವಿಯಲ್ಲೇ ಕರಕರ ಎನ್ನುತ್ತಿತ್ತು.

"ನಾಳೆ ಮಧ್ಯಾಹ್ನದ ಊಟದವರೆಗೆ ಯಾರೂ ಅಟ್ಟಣೆ ಇಳೀಬಾರ್ದು," ಒನ್ನಿ ಪ್ರತಿ ವರ್ಷದಂತೆ ಹೇಳಿದ. "ಜಿಂಕೆ ಬೀಳದೆ ಮೊದ್ಲೇ ಇಳಿದ್ರೆ ಗುಂಡು ತಪ್ಪಿದ ಲೆಕ್ಕ. ಕತ್ತರಿ ರೆಡಿ ಇದೆ."

ದುರ್ಬೀನಿಗೆ ಮಂಜು ಕಟ್ಟದಿರಲೆಂದು ಖಾಲಿ ಕೋವಿಗಳೆಲ್ಲ ಬಟ್ಟೆಯ ಗವಸು ತೊಟ್ಟು ಹೊರಜಗಲಿಯ ಗೂಟಗಳಲ್ಲೇ ತೂಗುತ್ತವೆ. ಬೆಳಕು ಹರಿಯುವ ಮುನ್ನ ಲೆಂಪಿ ತನ್ನ ಕೆಂಪು ಉಣ್ಣೆಯ ಗವಸನ್ನು ತಡವಿ ಎತ್ತಿ ಹೆಗಲಿಗೇರಿಸಿ ಕತ್ತಲಲ್ಲೇ ನಡೆದಳು. ಕಾಲಡಿ ಹಿಮ ಹಪ್ಪಳದಂತೆ ಮುರಿಯುತ್ತಿತ್ತು. ಅಪ್ಪನ ಮೆಟ್ಟಿಲುಗಳು ಕಾಲಿಗೆ ತಾವಾಗಿ ಸಿಕ್ಕವು. ಮೇಲೆ ಕೂತು ಗವಸು ಕಳಚಿ ತೋಟಾ ತುಂಬಲು ಬೋಲ್ಟಿಗೆ ಎಡಗೈ ಹಾಕಿದಳು.

ಹಿಡಿ ಇರಲಿಲ್ಲ. ನುಣ್ಣನೆಯ ಕಬ್ಬಿಣ.

ಮುರಿದುಬಿತ್ತೇ? ಕೈಗವಸು ಹಲ್ಲಿನಲ್ಲಿ ಕಚ್ಚಿ ಎಳೆದು ಬರಿಬೆರಳಲ್ಲಿ ತಡವಿದಳು. ಹಿಡಿ ಇತ್ತು, ಬಲಗಡೆ. ಗವಸು ತನ್ನದು, ಒಳಗಿನ ಕೋವಿ ರೂಡಿಯದು, ತನ್ನ ಕೋವಿ ಅವನ ಗವಸಿನೊಳಗೆ. ಊಟದ ಮೇಜಿನ ನಗು ಬರೀ ಉಪ್ಪಿನಕಾಯಿ, ಊಟ ಇದು.

ಇಳಿದು ಹೋದರೆ ಚುಂಗು ಹೋಯಿತು. ಕೂತರೆ ಮತ್ತೆ ಅದೇ ಎದುರುಮನೆಯ ಕೋವಿ. ಲೆಂಪಿ ಹಲ್ಲು ಕಚ್ಚಿ ತೋಟಾ ತುಂಬಿದಳು. ತೋಟಾ ಒಂದೇ ಅಳತೆಯದು, ಅದೊಂದು ಪುಣ್ಯ.

ಪೂರ್ವ ಬೂದಿಯ ಬಣ್ಣಕ್ಕೆ ತಿರುಗಿತು. ಮರಗಳು ಒಂದೊಂದೇ ಕತ್ತಲಿನಿಂದ ಮುಂದೆ ಬಂದು ನಿಂತವು. ಬೆರಳು ಮರಗಟ್ಟದಿರಲಿ ಎಂದು ಕಂಕುಳಲ್ಲಿ ಇಟ್ಟುಕೊಂಡಳು. ಏನೂ ಅಲುಗಲಿಲ್ಲ. ಆಮೇಲೆ ಜೌಗಿನಾಚೆ, ರೂಡಿಯ ಅಟ್ಟಣೆಯ ಕಡೆ, ಒಂದು ಗುಂಡು ಸಿಡಿಯಿತು.

ಲೆಂಪಿ ಎರಡನೆಯದಕ್ಕೆ ಕಾದಳು. ರೂಡಿಯದು ಯಾವಾಗಲೂ ಎರಡು, ಢಂ ಢಂ, ಜೋಡಿ. ಎರಡನೆಯದು ಬರಲಿಲ್ಲ. ಬಂದದ್ದು ಜೌಗಿನ ಮಂಜುಗಡ್ಡೆ ಮುರಿಯುವ ಸದ್ದು, ಆಮೇಲೆ ಪೊದೆಯ ಸರಸರ, ಆಮೇಲೆ ಕೊಂಬು. ಅಗಲ ಕೊಂಬಿನ ಗಂಡು ಜಿಂಕೆ, ಬೆನ್ನ ಹಿಂದಿನ ಅಪಾಯವನ್ನೇ ತಿರುತಿರುಗಿ ನೋಡುತ್ತ ನೇರ ಅವಳತ್ತ ಬರುತ್ತಿತ್ತು.

ಕೋವಿ ಎತ್ತಿದಳು. ಜಿಂಕೆ ಎರಡು ಮರಗಳ ನಡುವೆ ನಿಂತಿತು. ಉಸಿರು ಬಿಟ್ಟಳು, ಒತ್ತಿದಳು. ಹಿಮ ಹೊತ್ತ ಕೊಂಬೆಯೊಂದು ಹತ್ತಿಯಂತೆ ಸಿಡಿದು ಚೂರಾಯಿತು. ಜಿಂಕೆ ನೆಗೆಯಿತು, ಆದರೆ ಓಡಲಿಲ್ಲ. ಸದ್ದು ಗುಡ್ಡಕ್ಕೆ ಬಡಿದು ನಾಲ್ಕು ಕಡೆಯಿಂದ ಮರಳಿ ಬಂದು, ಯಾವ ಕಡೆ ಸಾವು ಎಂದು ಅದಕ್ಕೆ ತಿಳಿಯಲಿಲ್ಲ.

ಲೆಂಪಿಯ ಕೈ ಎಡಕ್ಕೆ ಹೋಯಿತು. ನುಣ್ಣನೆಯ ಕಬ್ಬಿಣ. ಅಡುಗೆಮನೆಯಲ್ಲಿ ಕಲಿಸಿದ ಪಾಠವನ್ನು ಕೈ ಚಾಚೂ ತಪ್ಪದೆ ಒಪ್ಪಿಸುತ್ತಿತ್ತು. ಇನ್ನೊಮ್ಮೆ ತಡಕಿತು. ಜಿಂಕೆಯ ಕಿವಿ ಅವಳತ್ತ ತಿರುಗಿತು.

ಅವಸರ ಮಾಡ್ಬೇಡ ಮಗಳೇ, ಎನ್ನುತ್ತಿದ್ದ ಅಪ್ಪ, ಏನಾಯ್ತು ಅಂತ ಅದಕ್ಕೂ ಗೊತ್ತಿಲ್ಲ.

ಅವಳು ಕೈಯನ್ನು ಅದರ ಪಾಡಿಗೆ ಬಿಟ್ಟಳು. ಸತ್ತಿತೆಂದುಕೊಂಡ ಹಳೆಯ ಚಾಳಿ ಎದ್ದು ಬಂತು. ಕೈ ಮೂಗಿನ ಮುಂದಿನಿಂದ ದಾಟಿ, ಹಿಡಿಯನ್ನು ಮುಟ್ಟಿ, ಎತ್ತಿ, ಎಳೆದು, ನೂಕಿತು. ಈ ಸಲ ಮೆಲ್ಲಗೆ, ಕದ್ದು ಬಾಗಿಲು ತೆರೆಯುವವರ ಹಾಗೆ. ಕೈ ಮರಳಿ ಟ್ರಿಗರಿಗೆ ಬಂತು. ಜಿಂಕೆ ಅಲ್ಲೇ ಇತ್ತು.

ಎರಡನೆಯ ಗುಂಡಿಗೆ ಅದು ನಾಲ್ಕು ನೆಗೆತ ನೆಗೆದು ಮಗುಚಿತು.

ಮಧ್ಯಾಹ್ನ ಬಿಡಾರದ ಮುಂದೆ ಜಿಂಕೆ ಕಂಬಕ್ಕೆ ತೂಗುತ್ತಿತ್ತು. ಎಲ್ಲರಿಗಿಂತ ತಡವಾಗಿ ಬಂದ ರೂಡಿ ಅದನ್ನು ನೋಡಿ, ಬೂಟಿನ ಹಿಮ ಕೊಡವುವುದರಲ್ಲೇ ಮುಳುಗಿದ.

"ನಿಂದು ಒಂದೇ ಗುಂಡು ಕೇಳಿಸ್ತಲ್ಲೋ," ಒನ್ನಿ ಕೇಳಿದ. "ಜೋಡಿ ಎಲ್ಲೋಯ್ತು?"

"ಬೋಲ್ಟು ಸ್ವಲ್ಪ... ಸಿಕ್ಕಿಹಾಕ್ಕೊಂಡಿತ್ತು ಚಿಕ್ಕಪ್ಪ."

ಲೆಂಪಿ ಕೆಂಪು ಗವಸು ಬಿಚ್ಚಿ, ಖಾಲಿ ಕೋವಿಯನ್ನು ಮೇಜಿನ ಮೇಲಿಟ್ಟಳು. ಹಿಡಿ ಬಲಗಡೆ. "ನಿನ್ನ ಕೋವಿ ಚೆನ್ನಾಗಿದೆ ಅಣ್ಣ. ನಂದು ಹೇಗಿತ್ತು?"

ಒನ್ನಿ ಹಿಡಿಯನ್ನು ನೋಡಿದ, ಗವಸನ್ನು ನೋಡಿದ, ರೂಡಿಯನ್ನು ನೋಡಿದ. ಮುಖ ಕಲ್ಲಾಯಿತು. "ಕೋವಿ ಜೊತೆ ಆಟ ಆಡಿದೀಯಾ ನೀನು? ಈ ಸೂರಿನ ಕೆಳಗೆ?" ಲೆಂಪಿಯ ಒಂದು ಮಾತಿಗೆ ರೂಡಿ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು, ಬಹುಶಃ ಎಂದೆಂದಿಗೂ. "ಮೋಸ ಆಗಿರೋದು ನಿಂಗೆ. ಇವನಿಗೇನು ಶಿಕ್ಷೆ, ನೀನೇ ಹೇಳು ಲೆಂಪಿ."

ಲೆಂಪಿ ಒಲೆಯ ಬಳಿ ಹೋಗಿ ಸಾರಿನ ಸೌಟು ತಂದಳು. ಬಲ ಹೆಗಲಿಗೆ ಆನಿಸಿ, ರೂಡಿಯಂತೆ ಒಂದು ಕಣ್ಣು ಕಿರಿದು ಮಾಡಿ, ಗುಂಡು ಹಾರಿಸಿದಳು. ಕೈ ಬಲಗಡೆ ಹೋಗಿ ಗಾಳಿಯನ್ನು ತಿರುವಿತು. ಮತ್ತೊಮ್ಮೆ ತಿರುವಿತು. ಸೌಟನ್ನು ಬೋರಲು ಹಾಕಿ ನೋಡಿದಳು, ಅಲ್ಲಾಡಿಸಿದಳು, ಕಿವಿಗಿಟ್ಟು ಕೇಳಿದಳು. ಆಮೇಲೆ ಥೇಟು ರೂಡಿಯ ಗಂಟಲಲ್ಲಿ ಅಂದಳು, "ಈಗ ಇಲ್ಲೇ ಇತ್ತಲ್ರೀ."

ಒನ್ನಿಯ ಕಲ್ಲುಮುಖ ಮೊದಲು ಬಿರಿಯಿತು. "ಕತ್ತರಿ ತಗೊಂಬಾ. ಇವನ ಚುಂಗು ನೀನೇ ಕತ್ತರಿಸು."

ಕತ್ತರಿಯೂ ಬಲಗೈಯವರದೇ. ಲೆಂಪಿಯ ಎಡಗೈಯಲ್ಲಿ ಅದು ಅಡ್ಡಾದಿಡ್ಡಿ ಹರಿದು, ಚುಂಗು ದಾಟಿ, ಸೊಂಟ ದಾಟಿ, ಬೆನ್ನಿನ ನಟ್ಟನಡುವಿಗೆ ಹತ್ತಿತು.

"ತಂಗಿ, ಹೋಗ್ಬೇಕಾಗಿದ್ದು ಚುಂಗು," ಅಂದ ರೂಡಿ ಚಳಿಗೆ ಬೆನ್ನು ಸೆಟೆಸುತ್ತ. "ಅಂಗಿ ಅಲ್ಲ."

"ಏನ್ ಮಾಡ್ಲಿ ಅಣ್ಣ, ಕತ್ತರಿ ಡೊಂಕು."

ಒನ್ನಿ ಮೇಜು ಗುದ್ದಿ ನಕ್ಕ, ರೂಡಿಯೂ ತಡೆಯಲಾರದೆ ನಕ್ಕ. ಆದರೆ ಸೂರಿನ ಹಿಮವನ್ನು ಧೊಪ್ಪನೆ ಕೆಳಕ್ಕಿಳಿಸಿದ್ದು, ಅರ್ಧ ಅಂಗಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ನಿಂತ ಲೆಂಪಿಯ ನಗು.