ಚುಕ್ಕಿ ಇದೆಯೋ ಇಲ್ಲವೋ

ಆ ಠಕಾರದೊಳಗೆ ಚುಕ್ಕಿ ಇರಲೇಬೇಕು, ಇದೆ, ದಿನಾ ಬೆಳಿಗ್ಗೆ ಕನ್ನಡಕದ ಅಂಗಡಿ ತೆರೆದೊಡನೆ ಕಣ್ಣು ಪರೀಕ್ಷೆಯ ಆ ಬೋರ್ಡನ್ನು ಒರೆಸುವವಳು ತಾನೇ ಅಲ್ಲವೇ, ಕೊನೆಯ ಸಾಲು ಠ ರ ಗ ಶ, ಬಾಯಿಪಾಠ, ಆದರೆ ಈಗ ಗಿರಾಕಿಗಳ ಕುರ್ಚಿಯಲ್ಲಿ ಕೂತು ನೋಡಿದರೆ ಬರೀ ಬಳೆಯಂಥ ಸುತ್ತು — ಅಂಗಡಿಯ ಒಡತಿ ಅಕ್ಕ ಅವಳ ಮೂಗಿನ ಮೇಲಿನ ಭಾರದ ಚೌಕಟ್ಟಿಗೆ ಗಾಜು ಬದಲಿಸುತ್ತಾ ಕೇಳುತ್ತಾರೆ, ಇದು ಚೆನ್ನಾಗಿದೆಯಾ, ಇದಾ, ಯಾಕೆ ಹೀಗೆ ಕೇಳುತ್ತಾರೆ, ಸರಿ ಯಾವುದೆಂದು ಅವರಿಗೇ ಗೊತ್ತಿಲ್ಲವೇ, ಗೊತ್ತಿದ್ದೂ ಬಾಯಿ ಬಿಡಿಸುತ್ತಿದ್ದಾರೆಯೇ, ಕಣ್ಣು ಮಂದವೆಂದು ತಿಳಿದರೆ ನಾಳೆ ಗಾಜು ಉಜ್ಜುವ ಮೇಜಿಗೆ ಬೇರೆಯವಳನ್ನು ಕೂರಿಸಬಹುದಲ್ಲ. ಹೋದ ವರ್ಷ ಇದೇ ಕುರ್ಚಿಯಲ್ಲಿ ಆ ಸಾಲನ್ನು ಗಿಳಿಯಂತೆ ಒಪ್ಪಿಸಿದ್ದಳು, ನಿಂದು ಹದ್ದಿನ ಕಣ್ಣು ಕಣೇ ಅಂದಿದ್ದರು, ಅಂದಿನಿಂದ ತಲೆನೋವು. ಅವಳು ಹೋಗುವ ಸಂಜೆ ತರಗತಿಯ ಮೇಷ್ಟ್ರೂ ಈ ಅಕ್ಕನ ಥರದವರೇ, ಉಜ್ಜಿದ ಗಾಜಿನ ಅಂಚಿನಲ್ಲಿ ಬಣ್ಣ ಕಾಣುತ್ತದಲ್ಲ, ಅಂಚಿನಲ್ಲೇ ಯಾಕೆ, ನಡುವೆ ಯಾಕಿಲ್ಲ ಎಂದು ಅವಳು ಹುಟ್ಟಿದ ಮೇಲೆ ಮೊದಲ ಸಲ ಪುಸ್ತಕದಲ್ಲಿಲ್ಲದ್ದನ್ನು ಕೇಳಿದರೆ, ನಿಮಗೇನನ್ನಿಸುತ್ತಮ್ಮ, ನೀವೇ ನೋಡಿ ಹೇಳಿ, ತಪ್ಪಾದ್ರೂ ಪರವಾಗಿಲ್ಲ — ತಪ್ಪಾದರೂ ಪರವಾಗಿಲ್ಲ ಎನ್ನುವವರನ್ನು ನಂಬುವುದು ಹೇಗೆ, ಅಂಕ ಕಳೆಯುವ ಕೈಯೂ ಅದೇ ತಾನೇ, ಮನೆಯಲ್ಲಿ ಹೇಳಿದರೆ ಅತ್ತೆಯಂತೂ ಸೊಪ್ಪು ಬಿಡಿಸುತ್ತಾ ನಕ್ಕುಬಿಟ್ಟರು, ಸಂಬಳ ಅವರಿಗೆ, ಹುಡುಕೋ ಕೆಲಸ ನಿನಗಾ, ಒಳ್ಳೇ ಮೇಷ್ಟ್ರು ಬಿಡು. ನಗಲಿ, ಆದರೆ ಆ ಬಣ್ಣ ಬಿಡುತ್ತಿಲ್ಲ, ಇವತ್ತೂ ಗಾಜನ್ನು ಬೆಳಕಿಗೆ ಹಿಡಿದು ಕದ್ದವಳಂತೆ ನೋಡಿದಳು, ಇತ್ತು, ಓರೆ ಮಾಡಿದರೆ ಹೆಚ್ಚಾಯಿತು, ಅದು ಗಾಜಿನದೋ ತನ್ನ ಮಂದಗಣ್ಣಿನದೋ, ಯಾರನ್ನು ಕೇಳುವುದು, ಕೇಳಿದವರೆಲ್ಲ ತಿರುಗಿ ತನ್ನನ್ನೇ ಕೇಳುತ್ತಾರೆ, ನೋಡಿ ಹೇಳು ಎನ್ನುತ್ತಾರೆ, ನೋಡಬೇಕಾದ ಕಣ್ಣೇ ಸುಳ್ಳು ಹೇಳುತ್ತಿದ್ದರೆ — ಇದಾ, ಇದಾ, ಏನ್ ಕಾಣ್ಸತ್ತೆ ಹೇಳೇ, ಬೇಗ, ಹೊರಗೆ ಗಿರಾಕಿ ಕಾಯ್ತಿದಾರೆ. ಈಗ ಚುಕ್ಕಿ ಇದೆ, ಇದೆಯೇ, ಕಂಡಿತೋ ನೆನಪಾಯಿತೋ, ಠ ಎಂದುಬಿಟ್ಟರೆ ಕೆಲಸ ಉಳಿಯುತ್ತದೆ, ಠ ಎನ್ನಲು ತುಟಿ ತೆರೆದದ್ದೂ ಗೊತ್ತಾಯಿತು, ಆದರೆ ಹೊರಬಿದ್ದದ್ದು ಬೇರೆ, ಅಕ್ಕಾ, ನಾನು ಒರೆಸದೇ ಇರೋ ಬೋರ್ಡು ಒಂದಿದೆಯಾ. ಅಕ್ಕನ ಕೈ ನಿಂತಿತು, ಮುಖ ಗಾಜಿನಾಚೆ ಮಸುಕು, ಕೋಪವೋ ನಗುವೋ, ಹಾಗಾದ್ರೆ ಹೋದ ವರ್ಷ ಬಂದಿದ್ದ ಹದ್ದು ಯಾರಮ್ಮಾ, ಬೀರು ತೆರೆದ ಸದ್ದು, ಗೋಡೆಗೆ ಬೇರೆ ಹಾಳೆ, ಯಾವ ಸಾಲೂ ಗೊತ್ತಿಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ, ಹೇಳು, ಏನ್ ಕಾಣ್ಸತ್ತೆ, ಮೊದಲನೆಯದು ಒಂದು ಸುತ್ತು, ಒಳಗೆ, ಒಳಗೆ ಏನೋ, ಇಲ್ಲ, ತಡೀರಿ ಅಕ್ಕಾ, ಬೇರೆ ಗಾಜು ಹಾಕಿ, ಇನ್ನೊಂದು ಹಾಕಿ, ಸುತ್ತು, ಒಳಗೆ — ಸುತ್ತು —